ನೀರು ಬೀಳದ ಹಣೆ

ಜನವರಿ 2, ಗುರುವಾರ

ಇವತ್ತು ನಾಲ್ಕು ಸಾವಿರ ಹೆಜ್ಜೆ. ಬಿಣಗಾ ಹೈವೇ ದಾಟಿ ವಾಪಸ್ಸು. ಮಂಡಿ ನೋವು ಅಷ್ಟಿಲ್ಲ. ಯಾತ್ರೆಯಲ್ಲಿ ದಿನಕ್ಕೆ ಎಂಟು ಸಾವಿರ ನಡೀಬೇಕಂತೆ. ಇನ್ನು ಏಳು ವಾರ ಇದೆ, ಆಗ್ತದೆ.

ಟೂರಿನ ರೊಜಾರ್ ಫೋನ್ ಮಾಡಿದ್ದ. "ಟೀಚರ್, ನಿಮ್ಮಿಬ್ಬರ ಜ್ಞಾನಸ್ನಾನದ ತಾರೀಕು ಬೇಕು. ಕಾರ್ಡ್ ಪ್ರಿಂಟ್ ಮಾಡಿಸ್ತೇನೆ. ಜೋರ್ಡಾನ್ ನದಿ ದಡದಲ್ಲಿ ಎಲ್ಲರೂ ಪ್ರತಿಜ್ಞೆ ಮತ್ತೊಮ್ಮೆ ಹೇಳೂದು, ಆಮೇಲೆ ಕಾರ್ಡ್ ಕೊಡೂದು." ಒಳ್ಳೇ ಐಡಿಯಾ. ನನ್ನ ಗಂಡ ಬೆಂತುವಿನದು ಸಿಕ್ಕಿತು, ಅವರಪ್ಪನ ಪ್ರಾರ್ಥನೆ ಪುಸ್ತಕದ ಮೇಲೆಯೇ ಬರೆದಿದೆ. ನನ್ನದನ್ನು ನನ್ನಮ್ಮ, ಮಾಯ್, ಎಲ್ಲೂ ಬರೆದಿಟ್ಟಿಲ್ಲ. ಇಗರ್ಜಿಯ ರಿಜಿಸ್ಟರ್ ನೋಡಬೇಕು.

ಜನವರಿ 7, ಮಂಗಳವಾರ

ಇದನ್ನು ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ. ಮೂವತ್ತೆರಡು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದವಳು, ನಡೆದದ್ದನ್ನು ನಡೆದ ಹಾಗೆ ಬರೆಯಲು ಬರಬೇಕು.

ಫಾದರ್ ಎಲಿಯಾಸ್ ಅಮದಳ್ಳಿಯ ಹಳೇ ರಿಜಿಸ್ಟರ್ ತೆಗೆಸಿದರು. ಹುಳ ತಿಂದಿದೆ. ಬೆರಳಿಟ್ಟು ಓದಿದರು — ಎಸ್ಪೆರಾನ್ಸ್, ಅಮದಳ್ಳಿಯ ಕಾಯತಾನ್ ಮತ್ತು ರೊಜಾಲಿನಾ ಇವರ ಮಗಳು. ಜ್ಞಾನಸ್ನಾನ 27 ಡಿಸೆಂಬರ್ 1959. "ಸಿಕ್ಕಿತಲ್ಲ ಟೀಚರ್" ಅಂದವರು ಪುಟವನ್ನು ಬೆಳಕಿಗೆ ತಿರುಗಿಸಿದರು. ಅಂಚಿನಲ್ಲಿ ಕೆಂಪು ಶಾಯಿ.

ಮರಣ: 11-1-1961.

"ಯಾರೋ ತಪ್ಪಾಗಿ ಬರೆದಿರಬೇಕು" ಅಂದರು. ಸಾವಿನ ರಿಜಿಸ್ಟರ್ ತೆಗೆಸಿ ಅಂದೆ. ತೆಗೆಸಿದರು. ಅದರಲ್ಲೂ ಇತ್ತು. ಹದಿಮೂರು ತಿಂಗಳ ಹೆಣ್ಣುಮಗು, ಜ್ವರ.

ನನ್ನದೇ ಹೆಸರು. ನನ್ನದೇ ಅಪ್ಪ ಅಮ್ಮ. ಹಾಗಾದರೆ ನಾನು...

ಜನವರಿ 8, ಬುಧವಾರ

ಬೆಂತು ಹಿತ್ತಲ ಮೆಟ್ಟಿಲ ಮೇಲೆ ಬಂಗಡೆ ಕೊಯ್ಯುತ್ತಿದ್ದರು. ಎದುರು ನಿಂತು ಹೇಳಿದೆ: "ಎಸ್ಪೆರಾನ್ಸ್ ಒಂದು ವರ್ಷದವಳಿದ್ದಾಗಲೇ ಸತ್ತುಹೋಗಿದ್ದಾಳೆ."

ಕತ್ತಿ ನಿಂತಿತು. "ನಿನಗೆ ಯಾರು ಹೇಳಿದ್ದು?"

ಯಾವ ಎಸ್ಪೆರಾನ್ಸ್ ಅಂತ ಕೇಳಲಿಲ್ಲ. ಯಾರು ಹೇಳಿದ್ದು ಅಂತ ಕೇಳಿದರು.

ಗೊತ್ತಿತ್ತು ಇವರಿಗೆ. ಮದುವೆಗೆ ನಾಲ್ಕು ದಿನ ಇರುವಾಗ ಮಾಯ್ ಕರೆದು ಹೇಳಿದ್ದಳಂತೆ, ಶಿಲುಬೆ ಮುಟ್ಟಿಸಿ ಆಣೆ ಹಾಕಿಸಿದ್ದಳಂತೆ. ಅಮದಳ್ಳಿಯಲ್ಲಿ ಪಕ್ಕದ ಮನೆ ಹಿಂದೂ ಮೀನುಗಾರರದು, ಹರಿಕಂತ್ರರು. ಆ ಮನೆಯ ಹೆಂಗಸು ಹೆರಿಗೆಯಲ್ಲಿ ತೀರಿಕೊಂಡಳು. ಅದೇ ವಾರ ಮಾಯಿಯ ಮಗು ಹೋಗಿತ್ತು, ಎದೆಯಲ್ಲಿ ಹಾಲಿತ್ತು. ನನ್ನನ್ನು ಎತ್ತಿಕೊಂಡಳು. ಆಮೇಲೆ ಕೊಡಲು ಮನಸ್ಸು ಬರಲಿಲ್ಲ. ಊರು ಬಿಟ್ಟು ಬಿಣಗಾಕ್ಕೆ ಬಂದರು. ಸತ್ತ ಮಗಳ ಹೆಸರು, ಅವಳದೇ ಸರ್ಟಿಫಿಕೇಟು — ಶಾಲೆಗೂ ಅದೇ, ಮದುವೆಗೂ ಅದೇ. ಒಮ್ಮೆ ಆ ಹೆಸರಲ್ಲಿ ಜ್ಞಾನಸ್ನಾನ ಆಗಿದೆಯಲ್ಲ, ಮತ್ತೆ ಯಾವ ಬಾಯಲ್ಲಿ ಇಗರ್ಜಿಗೆ ಹೋಗಿ ಕೇಳುವುದು?

ಅಂದರೆ ನನ್ನ ತಲೆ ಮೇಲೆ ನೀರು ಬಿದ್ದೇ ಇಲ್ಲ.

"ನಲವತ್ತು ವರ್ಷ!" ಅಂದೆ. "ಆಣೆ ಇತ್ತಲ್ಲ" ಅಂದರು. ನಾನು ಒಳಗೆ ಬಂದೆ, ಅವರೂ ಮೀನು ಹಾಗೇ ಬಿಟ್ಟು ಎದ್ದರು. ಬೆಕ್ಕು ತಿಂದಿರಬೇಕು.

ಜನವರಿ 13, ಸೋಮವಾರ

ಐದು ದಿನ ಬೆಂತು ಹತ್ತಿರ ಮಾತಿಲ್ಲ. ಚಾ ಮಾತ್ರ ಕೊಟ್ಟಿದ್ದೇನೆ.

ಇವತ್ತು ಫಾದರ್ ಮನೆಗೇ ಬಂದರು. "ಟೀಚರ್, ದೊಡ್ಡ ವಿಷಯ ಮಾಡೂದು ಬೇಡ. ಒಂದು ಸಂಜೆ ಬಾಗಿಲು ಹಾಕಿ ಮುಗಿಸುವ. ಹತ್ತು ನಿಮಿಷದ ಕೆಲಸ. ಜ್ಞಾನಸ್ನಾನ ಆಗದವರ ಮದುವೆ ಇಗರ್ಜಿಯ ಲೆಕ್ಕಕ್ಕೆ ಬರೂದಿಲ್ಲ, ನಿಮ್ಮ ಮದುವೆಯದೂ ಒಂದು ಕಾಗದ ಸರಿ ಮಾಡಬೇಕಾಗ್ತದೆ."

ಬೆಂತು ಮುಖ ಅರಳಿತು. "ಅದೇ ಒಳ್ಳೇದು ಫಾದರ್."

"ಬಾಗಿಲು ಹಾಕಿ ಮಾಡಿದ್ದು ಸಾಕು" ಅಂದೆ. "ಟಿಕೆಟ್ ಆಗಿದೆ. ನದಿಗೇ ಹೋಗ್ತಾ ಇದ್ದೇವೆ. ಅಲ್ಲೇ, ಎಲ್ಲರೆದುರು."

ಬಿಷಪ್ಪರ ಪತ್ರ ಬೇಕು, ಧರ್ಮಪಾಠ ಆಗಬೇಕು ಅಂದರು. ಬೇರೆಯವರ ಮಕ್ಕಳಿಗೆ ಇಪ್ಪತ್ತು ವರ್ಷ ಭಾನುವಾರದ ಧರ್ಮಪಾಠ ಹೇಳಿದವಳು ನಾನು. ನಗು ಬಂತು. "ಪರೀಕ್ಷೆ ಬೇಕಾದರೂ ಇಡಿ ಫಾದರ್, ಬರೆಯುತ್ತೇನೆ."

ಅವರು ಹೋದ ಮೇಲೆ ಬೆಂತು: "ನಾನು ಬರೂದಿಲ್ಲ. ಅರ್ಧ ಕಾರವಾರ ಆ ಬಸ್ಸಲ್ಲಿರ್ತದೆ. ಇವರದು ಮದುವೆಯೇ ಅಲ್ಲ ಅಂತ ನಗ್ತಾರೆ. ಈ ವಯಸ್ಸಲ್ಲಿ ನನಗೆ ಅದು ಬೇಡ."

"ಬರಬೇಡಿ. ನಾನು ಹೋಗ್ತೇನೆ."

ಹೇಳಿದ ಮೇಲೆ ಹೆದರಿಕೆ ಆಯಿತು. ಒಬ್ಬಳೇ ಮಡಗಾಂವ್ ದಾಟಿದವಳಲ್ಲ.

ಜನವರಿ 18, ಶನಿವಾರ

ನನಗೊಬ್ಬ ಅಕ್ಕ ಇದ್ದಾಳೆ. ಸುಬ್ಬಿ. ಅಂಕೋಲಾದ ಶೆಟಗೇರಿಯಲ್ಲಿ ಮಗಳ ಮನೆಯಲ್ಲಿ. ಇದೂ ಬೆಂತುವಿಗೆ ಗೊತ್ತಿತ್ತು. ಕೇಳಿದ್ದಕ್ಕೆ ಹೇಳಿದರು.

ಹತ್ತು ಗಂಟೆ ಬಸ್ಸಿಗೆ ಹೋದೆ. ಅಂಕೋಲೆಯಿಂದ ರಿಕ್ಷಾ. ಅಂಗಳದಲ್ಲಿ ಒಣಮೀನು ತಿರುವಿ ಹಾಕುತ್ತ ಕೂತಿದ್ದಳು. ಎಪ್ಪತ್ತೆರಡು, ಎಪ್ಪತ್ಮೂರು ಇರಬೇಕು. ಯಾರು ಅಂತ ಹೇಳುವ ಮೊದಲೇ ನನ್ನ ಮುಖ ನೋಡಿ ಎದ್ದಳು.

"ಬಂದ್ಯೇ?" ಅಂದಳು. ನಿನ್ನೆ ಹೋದವಳು ವಾಪಸ್ಸು ಬಂದ ಹಾಗೆ.

ಕೈ ತೊಳೆದು ಚಾ ಮಾಡಿದಳು. ಹೆತ್ತ ಅವ್ವಿ ಹೆಸರು ಬೀರಮ್ಮ. ಉದ್ದ ಕೂದಲಂತೆ, ಸಿಟ್ಟು ಜಾಸ್ತಿಯಂತೆ. ನನಗೇನು ಹೆಸರಿಟ್ಟಿದ್ದಿರಿ ಅಂತ ಕೇಳಿದೆ. "ಹೆಸ್ರಿಡೂಕೆ ಯಾರಿಗೆ ಪುರುಸೊತ್ತಿತ್ತೇ ತಂಗಿ? ಆಕೆ ಸತ್ತು ಮನೆ ಮುಳುಗಿತ್ತು. ಪುಟ್ಟು ಅಂತಿದ್ದೆ ನಾನು. ನಂಗೆ ಎಂಟು ವರ್ಷ. ಆಚೆಮನೆ ರೊಜಾಲಿನಾ ಬಾಯಿ ನಿನ್ನ ಎತ್ಕಂಡು ಹೋದಾಗ ಹಿಂದೇ ಓಡಿದ್ದೆ."

ನಾನು ಟೀಚರ್ ಆದ ವರ್ಷ ಶಾಲೆಯ ಗೇಟಿನ ತನಕ ಬಂದು ನೋಡಿದ್ದಳಂತೆ. ಮಾತಾಡಿಸೂಕೆ ಧೈರ್ಯ ಬರಲಿಲ್ಲವಂತೆ.

ನದಿಯ ವಿಷಯ ಹೇಳಿದೆ. ಎದ್ದು ಹೋಗಿ ನಾಲ್ಕು ಒಣಮೀನು ತಿರುವಿ ಹಾಕಿದಳು. ಆಮೇಲೆ — "ಇಷ್ಟು ದಿವ್ಸ ನಿಂಗೇ ಗೊತ್ತಿಲ್ದೇ ನೀ ನಮ್ಮವಳಾಗಿದ್ದೆ. ನಿನ್ನ ಹಣೆ ಮೇಲೆ ಅವ್ರ ನೀರು ಬಿದ್ದಿರಲಿಲ್ಲ. ಈಗ ಅದೂ ಹೋತು."

ವಾಪಸ್ಸು ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಕೂತೆ. ಪಕ್ಕದವರು ಕೇಳಿದರು, ವಾಂತಿ ಬರ್ತದಾ ಅಂತ.

ಜನವರಿ 29, ಬುಧವಾರ

ಐದು ಸಾವಿರದ ಇನ್ನೂರು ಹೆಜ್ಜೆ. ಬಿಷಪ್ಪರ ಆಫೀಸಿನಿಂದ ಪತ್ರ ಇನ್ನೂ ಇಲ್ಲ. ಫೋನ್ ಮಾಡಿದೆ. ನಾಳೆ ಅಂದರು. ನಾಳೆಯೂ ಮಾಡುತ್ತೇನೆ.

ಹುಟ್ಟಿದ ತಾರೀಕೂ ನನ್ನದಲ್ಲ ಅಂತ ಇವತ್ತು ಹೊಳೆಯಿತು. ಒಂದು ವರ್ಷ ಮೊದಲೇ ರಿಟೈರ್ ಮಾಡಿಬಿಟ್ಟರು!

ಸುಬ್ಬಿ ಅಕ್ಕನ ಮಾತು ತಲೆಯಿಂದ ಹೋಗುತ್ತಿಲ್ಲ. ಬಿಟ್ಟುಬಿಡಲಾ ಅಂತಲೂ ಅನಿಸಿತು, ಒಂದು ಮಧ್ಯಾಹ್ನ. ಇಲ್ಲ. ನನಗೆ ಪ್ರಾರ್ಥನೆ ಅಂದರೆ ಮಾಯ್ ಕಲಿಸಿದ್ದೇ. ಬೇರೆ ಬರುವುದಿಲ್ಲ. ಇಗರ್ಜಿಯೊಳಗೆ ಅರವತ್ತನಾಲ್ಕು ವರ್ಷ ಇದ್ದು, ಈಗ ಹೊರಗೆ ನಿಲ್ಲಲಾರೆ.

ಫೆಬ್ರವರಿ 1, ಶನಿವಾರ

ಮತ್ತೆ ಶೆಟಗೇರಿ. ನೇರ ಹೇಳಿದೆ: "ಅಕ್ಕ, ನಾನು ಹೋಗ್ತೇನೆ. ಮುಳುಗಿ ಏಳ್ತೇನೆ. ಆದರೆ ರಿಜಿಸ್ಟರಿನಲ್ಲಿ ತಾಯಿ ಹೆಸರು ಅಂತ ಇರ್ತದೆ. ಅಲ್ಲಿ ಅವ್ವಿ ಹೆಸರು ಬರೆಸ್ತೇನೆ."

"ಅವರ ಪುಸ್ತಕದಾಗೆ? ಬೀರಮ್ಮ ಅಂತ?"

"ಬೀರಮ್ಮ ಅಂತಲೇ."

ಸೆರಗಿನಿಂದ ಮುಖ ಒರೆಸಿಕೊಂಡಳು. "ಎಲ್ಲೂ ಬರ್ದಿಲ್ಲ ಆಕೆ ಹೆಸ್ರ. ಒಂದು ರೇಷನ್ ಕಾರ್ಡಲ್ಲೂ ಇಲ್ಲ." ಅಕ್ಕಿ ತೊಳೆಯಲು ಏಳುತ್ತ, "ನಂಗೆ ಓದೂಕೆ ಬತ್ತಿಲ್ಲ. ಆದ್ರೂ ತಂದು ತೋರ್ಸು."

ಊಟ ಮಾಡದೆ ಬಿಡಲಿಲ್ಲ.

ಫೆಬ್ರವರಿ 11, ಮಂಗಳವಾರ

ಪತ್ರ ಬಂತು! ಒಂಬತ್ತನೇ ಫೋನಿಗೆ.

ಫಾದರ್ ಅರ್ಜಿ ತುಂಬಿಸಿದರು. ಅವರೇ ಗುಂಪಿನ ಜೊತೆ ಬರುವುದು, ಅವರೇ ಜ್ಞಾನಸ್ನಾನ ಕೊಡುವುದು. "ಹೆಸರು ಯಾವುದು ಬರೆಯಲಿ? ಈಗ ನೀವು ಬೇಕಾದ್ದು ಇಟ್ಟುಕೊಳ್ಳಬಹುದು."

ಅದನ್ನೇ ಎಷ್ಟೋ ದಿನ ಯೋಚಿಸಿದ್ದೆ. ಎಸ್ಪೆರಾನ್ಸ್ ಅಂತಲೇ ಬರೆಯಿರಿ ಅಂದೆ. ಆ ಮಗುವಿಗೆ ಸಿಕ್ಕಿದ್ದು ಹದಿಮೂರು ತಿಂಗಳು. ಮುಂದಿನದನ್ನೆಲ್ಲ ಅದೇ ಹೆಸರಲ್ಲಿ ನಾನು ಬಾಳಿದ್ದೇನೆ. ಕದ್ದದ್ದು ಅಂತ ಈಗ ಅನಿಸುವುದಿಲ್ಲ.

"ತಾಯಿ?"

"ಬೀರಮ್ಮ. ರೊಜಾಲಿನಾ. ಇಬ್ಬರೂ."

"ಕಾಲಂ ಸಣ್ಣದು ಟೀಚರ್."

"ಸಣ್ಣ ಅಕ್ಷರದಲ್ಲಿ ಬರೆಯಿರಿ ಫಾದರ್. ಬರ್ತದೆ."

ಬಂತು.

ಫೆಬ್ರವರಿ 23, ಭಾನುವಾರ, ಸಂಜೆ 5

ಪೆಟ್ಟಿಗೆ ತೂಕ ಹತ್ತೊಂಬತ್ತು ಕಿಲೋ. ಬಿಳಿ ಕಾಟನ್ ಗೌನು, ಟವೆಲ್, ಮಂಡಿ ಮಾತ್ರೆ, ಕೋಕಂ ಸಿಪ್ಪೆ ಒಂದು ಪೊಟ್ಟಣ. ಏಳು ಸಾವಿರ ಹೆಜ್ಜೆ ತಲುಪಿದೆ. ಸಾಕು.

ಬೆಂತುವಿನ ಟಿಕೆಟ್ ಕ್ಯಾನ್ಸಲ್ ಮಾಡಲು ಹೇಳಿರಲಿಲ್ಲ. ಅವರೂ ಹೇಳಿರಲಿಲ್ಲ. ಈಗ ನೋಡಿದರೆ ಹಿತ್ತಲಲ್ಲಿ ಕೂತು ಬೂಟಿಗೆ ಪಾಲಿಶ್ ಹಾಕುತ್ತಿದ್ದಾರೆ.

"ಎಲ್ಲಿಗೆ?"

"ನಿನ್ನ ಪೆಟ್ಟಿಗೆ ಯಾರು ಎತ್ತೂದು?" ತಲೆ ಎತ್ತಲಿಲ್ಲ. "ದಡದಲ್ಲಿ ಹಿಂದೆ ನಿಲ್ತೇನೆ. ಮುಂದೆ ಕರೀಬೇಡ."

ಸರಿ ಅಂದೆ.

ಫೆಬ್ರವರಿ 27, ಗುರುವಾರ, ಬೆಳಿಗ್ಗೆ 8.40, ಬಸ್ಸಿನಲ್ಲಿ

ಅಮ್ಮಾನಿನಿಂದ ಇಳಿಜಾರು. ಎರಡೂ ಕಡೆ ಬೋಳು ಗುಡ್ಡ, ಒಂದು ಮರ ಇಲ್ಲ. ಅಕ್ಷರ ಕುಣಿಯುತ್ತಿದೆ.

ಫಾದರ್ ಈಗಷ್ಟೇ ಮೈಕು ಹಿಡಿದರು. ಎಲ್ಲರೂ ಪ್ರತಿಜ್ಞೆ ಹೇಳುತ್ತೀರಿ, ಆದರೆ ನಮ್ಮ ಎಸ್ಪೆರಾನ್ಸ್ ಟೀಚರಿಗೆ ಇವತ್ತೇ ಮೊದಲ ಸಲ ಜ್ಞಾನಸ್ನಾನ ಅಂದರು. ಕಾರಣವನ್ನೂ ಚುಟುಕಾಗಿ ಹೇಳಿದರು. ಹಾಗೆ ಹೇಳಿ ಅಂತ ನಾನೇ ಕೇಳಿಕೊಂಡದ್ದು.

ಇಡೀ ಬಸ್ಸು ತಿರುಗಿ ನೋಡಿತು. ಮುಂದಿನ ಸೀಟಿನ ಫಿಲೊಮಿನಾ ಬಾಯಿ ದೊಡ್ಡ ಸ್ವರದಲ್ಲಿ, "ಹಾಗಾದರೆ ನಿಮ್ಮ ಮದುವೆ?" ಅಂದಳು. ಯಾರೋ ನಕ್ಕರು.

ಬಾಯಿ ತೆರೆದೆ, ಉತ್ತರ ಸಿದ್ಧವಿತ್ತು. ಅಷ್ಟರಲ್ಲಿ ಬೆಂತು ಎದ್ದು ನಿಂತರು. ಓಡುವ ಬಸ್ಸಿನಲ್ಲಿ, ಮೇಲಿನ ಕಂಬಿ ಹಿಡಿದು. ಮನೆಯಲ್ಲೂ ಗಟ್ಟಿಯಾಗಿ ಮಾತಾಡದ ಮನುಷ್ಯ.

"ತೀ ಮ್ಹಜಿ ಬಾಯ್ಲ್" ಅಂದರು. ಇವಳು ನನ್ನ ಹೆಂಡತಿ. "ನನಗೆ ಎಲ್ಲಾ ಗೊತ್ತಿತ್ತು, ಗೊತ್ತಿದ್ದೇ ಕಟ್ಟಿಕೊಂಡದ್ದು. ಬೇಕಾದರೆ ಇವತ್ತು ಅಲ್ಲೇ ಇನ್ನೊಮ್ಮೆ ಆಗ್ತೇನೆ. ಇನ್ನೇನು ಕೇಳೂದಿದೆ?"

ಫಿಲೊಮಿನಾ ಬಾಯಿ ಮುಂದಕ್ಕೆ ತಿರುಗಿದಳು. ಬೆಂತುವೂ ಕೂತರು. ಕಿವಿ ಕೆಂಪಾಗಿದೆ. ನನ್ನ ಕಡೆ ನೋಡುತ್ತಿಲ್ಲ, ಕೈ ಮಾತ್ರ ನನ್ನ ಕೈ ಮೇಲಿದೆ. ಅದು ನನ್ನ ಎಡಗೈಯಾದ್ದರಿಂದ ಬರೆಯಲು ತೊಂದರೆಯಿಲ್ಲ.

ಬಸ್ಸು ನಿಂತಿತು. ಕೆಳಗೆ ನದಿ ಕಾಣುತ್ತಿದೆ, ಜೊಂಡಿನ ನಡುವೆ. ಇಷ್ಟೇಯಾ? ನಮ್ಮ ಕಾಳಿ ನದಿಯ ಒಂದು ಮೂಲೆಗೂ ಬರಲಿಕ್ಕಿಲ್ಲ. ಚಾದ ಬಣ್ಣದ ನೀರು, ತಣ್ಣಗಿರ್ತದಂತೆ. ಎಲ್ಲರೂ ಇಳಿಯುತ್ತಿದ್ದಾರೆ. ಬೆಂತು ನನ್ನ ಚಪ್ಪಲಿ ಬಿಚ್ಚಲು ಬಗ್ಗಿದ್ದಾರೆ, ಬೇಡ ಅಂದರೂ ಕೇಳುವುದಿಲ್ಲ, ಮೊದಲು ಇವರನ್ನು ಎಬ್ಬಿಸಬೇಕು, ಆಮೇಲೆ ನೀರಿಗೆ —