ಗುರುತು ಸಿಗದ ದನಿ

ಮೇ ೧೧, ಮಂಗಳವಾರ

ಅತ್ತೆಗೆ ಈಗ ಉಸಿರಾಟ ಸರಾಗವಾಗಿದೆಯೋ ಇಲ್ಲವೋ. ಕೇಳಲು ಧೈರ್ಯ ಸಾಲುತ್ತಿಲ್ಲ.

ಆಸ್ಪತ್ರೆಯ ಫೋನಿನ ಮುಂದೆ ಕೂತು ದಿನವಿಡೀ ನಾನು ಹೇಳುವುದು ಒಂದೇ ಮಾತು: "ಹಾಸಿಗೆ ಖಾಲಿ ಇಲ್ಲ." ಮಾಸ್ಕಿನೊಳಗಿಂದ ಹೇಳಿ ಹೇಳಿ ಗಂಟಲು ಕಟ್ಟಿದೆ. ಮಧ್ಯಾಹ್ನ ಫೋನ್ ಎತ್ತಿದರೆ ಅಮ್ಮನ ತಮ್ಮ, ನನ್ನ ಮಾವ.

"ನನ್ ಹೆಂಡತಿಗೆ ಉಸಿರಾಡೋಕೇ ಆಗ್ತಿಲ್ಲ ಕಣಮ್ಮ. ನಮ್ಮಕ್ಕನ ಮಗಳು ಅಲ್ಲೇ ಕೆಲಸ ಮಾಡ್ತಾಳೆ, ಅವಳ ಮೊಬೈಲ್ ಆಫ್ ಇದೆ. ಸ್ವಲ್ಪ ಕರೀತೀಯಾ?"

"ನಾನೇ ಮಾವ" ಎನ್ನಲು ಬಾಯಿ ಬರಲಿಲ್ಲ. ಓಡಿಹೋಗಿ ವಾರ್ಡಿನ ಸಿಸ್ಟರನ್ನು ಕೇಳಿದೆ. "ಕಾರಿಡಾರಲ್ಲೂ ಜಾಗ ಇಲ್ವಲ್ಲೇ" ಎಂದರು.

ವಾಪಸು ಬಂದು, "ಅವರು ಇವತ್ತು ರಜೆ ಸರ್. ಇಲ್ಲಿಗಾಗಿ ಕಾಯಬೇಡಿ, ಬೇಗ ಬೇರೆ ಕಡೆ ಕರ್ಕೊಂಡು ಹೋಗಿ" ಎಂದೆ.

ಸಂಜೆ ಮಾವ ನನ್ನ ಮೊಬೈಲಿಗೇ ಫೋನ್ ಮಾಡಿದರು. ಊರಾಚೆಯ ಆಸ್ಪತ್ರೆಯಲ್ಲಿ ಜಾಗ ಸಿಕ್ಕಿದೆಯಂತೆ, ಆಕ್ಸಿಜನ್ ಹಾಕಿದ್ದಾರಂತೆ.

"ನೀನಿದ್ದಿದ್ರೆ ನಮ್ಮನ್ನ ಇಷ್ಟು ಅಲೆಯೋಕೆ ಬಿಡ್ತಿರ್ಲಿಲ್ಲ ಬಿಡು, ಪುಟ್ಟಿ" ಎಂದರು.

ಬರೀ "ಹೂಂ" ಎಂದೆ. ಇನ್ನೊಂದು ಮಾತಾಡಿದ್ದರೂ ದನಿ ಗುರುತು ಸಿಕ್ಕಿಬಿಡುತ್ತಿತ್ತು. ಬೆಳಗ್ಗೆ ಅತ್ತೆಯನ್ನು ವಿಚಾರಿಸಲು ನಾನೇ ಫೋನ್ ಮಾಡಬೇಕು. ಆಗ ಮಾವನಿಗೆ ಈ ಕಟ್ಟಿದ ದನಿಯ ಗುರುತು ಸಿಗದೆ ಇರುತ್ತದೆಯೇ?