ಹತ್ತು ಲಕ್ಷದ ಮೂರು

ಪ್ರೀತಿಯ ಅಕ್ಕ,

ನಾವು ಕ್ಷೇಮ. ಹತ್ತು ಲಕ್ಷದ ಮೂರು ಅವಿಭಾಜ್ಯ ಸಂಖ್ಯೆಯೇ ಎಂದು ಅಪ್ಪ ಕೈಯಲ್ಲೇ ಭಾಗಿಸಿ ನೋಡುತ್ತಿದ್ದರಲ್ಲ, 613ರಿಂದ ಭಾಗಿಸಿ ಶೇಷ 200 ಎಂದು ಬರೆದ ದಿನವೇ ತೀರಿಕೊಂಡರು. ಮರುದಿನ ಬೆಳಿಗ್ಗೆ ಅದೇ ನೋಟ್‌ಬುಕ್ಕಿನಲ್ಲಿ 617ರ ಲೆಕ್ಕವಿತ್ತು. ಅಪ್ಪನದೇ ಅಕ್ಷರ. ಆಮೇಲೆ ದಿನಕ್ಕೊಂದು ಭಾಗಾಕಾರ. ಬೀರುವಿನಲ್ಲಿಟ್ಟು ಬೀಗ ಹಾಕಿದೆ, ನಿಲ್ಲಲಿಲ್ಲ. ಈ ನೋಟ್‌ಬುಕ್ಕಿನ ವಿಷಯ ನಿನಗೆ ಹೇಳಕೂಡದೆಂದು ಅಮ್ಮ ಆಣೆ ಹಾಕಿದ್ದಳು.

ನಿನ್ನೆ 997 ಮುಗಿಯಿತು. ಸಾವಿರವನ್ನು ಸಾವಿರದಿಂದ ಗುಣಿಸಿದರೇ ಹತ್ತು ಲಕ್ಷವಾಗುವುದರಿಂದ ಅದರಾಚೆ ನೋಡುವ ಅಗತ್ಯವಿಲ್ಲವಂತೆ. ಕೆಳಗೆ "ಅವಿಭಾಜ್ಯ" ಎಂದು ಬರೆದು ಗೆರೆ ಎಳೆದಿತ್ತು. ಇವತ್ತು ಪುಟ ಖಾಲಿ.

ಅಮ್ಮ ಒಂದು ತುತ್ತೂ ಮುಟ್ಟಿಲ್ಲ. "ನಿನ್ನಕ್ಕ ಲೆಕ್ಕದ ಟೀಚರಲ್ವಾ? ನಾನಿರೋವರೆಗೂ ಭಾಗಿಸಿ ಮುಗೀದಂಥ ಸಂಖ್ಯೆ ಒಂದು ಕಳಿಸು ಅಂತ ಬರಿ" ಅನ್ನುತ್ತಾಳೆ. ಪೆನ್ನಿಗೆ ಶಾಯಿ ತುಂಬಿಟ್ಟು ಕೂತಿದ್ದಾಳೆ.

ದೊಡ್ಡದನ್ನೇ ಕಳುಹಿಸಕ್ಕ. ತಡ ಮಾಡಬೇಡ.

ನಿನ್ನ ತಂಗಿ