ಮಾತ್ರೆ ನೀವೇ ಕೊಡಿ

ಅತ್ತೆ,

ನೀವು ಏಳುವುದರೊಳಗೆ ನಾನು ಕೆಲಸಕ್ಕೆ ಶರ್ಕ್‌ನ ಬಸ್ಸು ಹತ್ತಿರುತ್ತೇನೆ, ಅದಕ್ಕೇ ರಾತ್ರಿಯೇ ಬರೆದಿಡುತ್ತಿದ್ದೇನೆ. ಇಡ್ಲಿ ಹಿಟ್ಟು ಫ್ರಿಜ್ಜಿನಲ್ಲಿದೆ. ಪಾವನಾಳನ್ನು ಸ್ಕೂಲ್ ಬಸ್ಸಿಗೆ ನೀವೇ ಬಿಡಿ, ನಿಮ್ಮ ಮಗನಿಗೆ ಮೆಟ್ಟಿಲು ಹತ್ತಿಳಿಯಲು ಆಗುತ್ತಿಲ್ಲ.

ಅವರ ದಿಂಬಿನ ಕೆಳಗೆ ಮಾತ್ರೆಗಳು ಹಾಗೇ ಸಿಕ್ಕಿದವು. ನೀವು ಊರಿನಿಂದ ತಂದ ನಾಟಿ ಪಂಡಿತರ ಪುಡಿ ತಿನ್ನುವಾಗ ಬೇರೆ ಔಷಧಿ ಮುಟ್ಟಬಾರದಂತೆ, ಪಥ್ಯವಂತೆ. ಅತ್ತೆ, ಇದು ಎಚ್‌ಐವಿ. ಮಾತ್ರೆ ಬಿಟ್ಟರೆ ಮತ್ತೆ ತಲೆ ಎತ್ತುತ್ತದೆ. ಕೆಲವು ಬೇರು, ಸೊಪ್ಪು ಮಾತ್ರೆಯ ಶಕ್ತಿಯನ್ನೇ ಕುಗ್ಗಿಸುತ್ತವೆ, ಪುಡಿಯಲ್ಲಿ ಏನೇನಿದೆ ಕೇಳಿ ಎಂದರು ಫೋನಿನಲ್ಲಿ ಬೆಂಗಳೂರಿನ ಡಾಕ್ಟರು. ಹೆಸರು ಹೇಳಿದರೆ ಔಷಧಿಯ ಗುಣ ಹೋಗುತ್ತದೆ ಅಂತಾರೆ ನಿಮ್ಮ ಪಂಡಿತರು. ನಾನು ಇನ್ಯಾರನ್ನು ಕೇಳಲಿ? ಈ ಕೊಲ್ಲಿ ದೇಶದಲ್ಲಿ ಆಸ್ಪತ್ರೆಗೆ ಸೇರಿಸಿದರೆ ವಿಷಯ ಹೊರಬಿದ್ದು ನಮ್ಮನ್ನು ಊರಿಗೆ ಕಳಿಸುತ್ತಾರೆ.

ಪುಡಿ ಎಸೆಯಲು ಕೈ ಬರಲಿಲ್ಲ. ಅದಕ್ಕಾಗಿ ನೀವು ಎಷ್ಟು ಅಲೆದಿರಿ ಎಂದು ಗೊತ್ತು. ಜಗಳವಾಡಿದೆ, ಅತ್ತೆ, ಕಾಲೂ ಹಿಡಿದೆ. ನನ್ನ ಮಾತು ಅವರ ಕಿವಿಗೆ ಬೀಳುವುದಿಲ್ಲ. ನಿಮ್ಮ ಕೈಯಿಂದ ಏನು ಕೊಟ್ಟರೂ ನುಂಗುತ್ತಾರೆ. ಮಾತ್ರೆಯನ್ನೂ ನೀವೇ ಕೊಡಿ.

ನನ್ನ ಪಾಲಿನ ಇವತ್ತಿನ ಮಾತ್ರೆಯನ್ನು ನಾನು ನುಂಗಿದ್ದೇನೆ. ನಮ್ಮಿಬ್ಬರಲ್ಲಿ ಒಬ್ಬರಾದರೂ ಪಾವನಾಗೆ ಉಳಿಯಬೇಕಲ್ಲ.